ಹೆಸರಿಗೆ ಬಾಲವಿದ್ದ ಕಾರ್ಡು

ತೊಂಬತ್ತರ ದಶಕದ ನಡುವೆ ಆಳಂದದ ನನ್ನ ಮುದ್ರಣಾಲಯಕ್ಕೆ ಕಂಪ್ಯೂಟರ್ ದಯಮಾಡಿಸಿತು. ಸೀಸದ ಅಚ್ಚುಮೊಳೆಗಳು ಗುಜರಿಗೆ ಹೋದವು. ಅವನ್ನು ಇಪ್ಪತ್ತೆರಡು ವರ್ಷ ಜೋಡಿಸಿದ್ದ ನರೋಣಾದ ಕಂಪೋಜಿಟರನಿಗೆ, ಈ ಯಂತ್ರದ ಮುಂದೆಯೂ ಕೂಡುವವನು ನೀನೇ ಎಂದು ಮಾತು ಕೊಟ್ಟಿದ್ದೆ.

ಒಂದೇ ತಿಂಗಳಲ್ಲಿ ಅವನ ಬೆರಳು ಕಲಿತವು. ಕಣ್ಣು ಕಲಿಯಲಿಲ್ಲ. ಇಡೀ ಲಗ್ನಪತ್ರಿಕೆ ಒಟ್ಟಿಗೆ ಕಾಣುವಂತೆ ಇಟ್ಟರೆ ಪರದೆ ಮಿನುಗುತ್ತಿತ್ತು. ಮಧ್ಯಾಹ್ನಕ್ಕೆ ಕಣ್ಣಲ್ಲಿ ನೀರು, ತಲೆನೋವು.

"ಮೊಳಿ ಕೈಯಾಗ ಸುಮ್ನ ಕೂಡ್ತಿದ್ವು ಸಾವ್ಕಾರ್ರ. ಇವು ನಡಗಾಕತ್ತಾವ್ರಿ," ಎಂದ.

ದೋಷ ಕಣ್ಣಿನದಲ್ಲ, ಪರದೆಗೆ ಚಿತ್ರ ಬಿಡಿಸಿ ಕಳಿಸುವ ಗ್ರಾಫಿಕ್ಸ್ ಕಾರ್ಡಿನದು, ಅದನ್ನು ಬದಲಿಸಿ ಎಂದು ರಿಪೇರಿಯವನು ತೀರ್ಪಿತ್ತ. ನಾನೂ ಕಂಪೋಜಿಟರನೂ ಗುಲ್ಬರ್ಗಕ್ಕೆ ಹೋದೆವು. ಅಂಗಡಿಯವನು ಎರಡು ಕಾರ್ಡು ಮುಂದಿಟ್ಟ. ಒಂದರದು ಬೋಳು ಹೆಸರು, ಒಂದು ಎಂಬಿ ಮೆಮೊರಿ. ಇನ್ನೊಂದರದು ಅದೇ ಹೆಸರು, ಕೊನೆಗೆ ಎರಡು ಇಂಗ್ಲಿಷ್ ಅಕ್ಷರಗಳ ಬಾಲ, ಎರಡು ಎಂಬಿ. ನಮ್ಮ ಸೀಮೆಯಲ್ಲಿ ಹೆಸರಿಗೆ ಬಾಲ ಸುಮ್ಮನೆ ಹತ್ತುವುದಿಲ್ಲ. ಗೌಡ, ಪಾಟೀಲ, ದೇಸಾಯಿ ಎಂದಿದ್ದವನಿಗೆ ಕುರ್ಚಿ, ಇಲ್ಲದವನಿಗೆ ನೆಲ. ಕಾರ್ಡಿಗೂ ಅದೇ ಮರ್ಯಾದೆ ಸಲ್ಲಿಸಿದೆ.

ಕಂಪೋಜಿಟರ ಮಾತ್ರ ಡಬ್ಬಿಗಳ ಮೇಲಿನ ಚೀಟಿಗಳನ್ನು ಮೂಗಿನ ಹತ್ತಿರ ಹಿಡಿದು ಕೊನೆಯ ಸಾಲಿಗೆ ಬೆರಳಿಟ್ಟ. "ಇಲ್ಲಿ ಸಣ್ಣಕ್ಷರದಾಗ ಏನೋ ಅದರಿ. ಬೋಳಂದಕ್ಕ ಎಪ್ಪತ್ತೈದು, ಬಾಲದ್ದಕ್ಕ ಅರವತ್ತು."

"ಸಣ್ಣಕ್ಷರದಾಗ ದೊಡ್ಡ ಮಾತು ಯಾರರೆ ಬರೀತಾರೇನಲೇ?" ಎಂದೆ. ಮುದ್ರಕನಾಗಿ ಬಾಳಿದವನು ಆಡಿದ ಮಾತು ಅದು.

ಬಾಲದ ಕಾರ್ಡು ಬಂತು. ನಡುಕ ಹಾಗೆಯೇ ಇತ್ತು. ಆಮೇಲೆ ರಿಪೇರಿಯವನು ವಿವರಿಸಿದ: ಆ ಸಣ್ಣಕ್ಷರದ ಸಂಖ್ಯೆ, ಕಾರ್ಡು ಸೆಕೆಂಡಿಗೆ ಪರದೆಯನ್ನು ಎಷ್ಟು ಸಲ ಹೊಸದಾಗಿ ಬಿಡಿಸುತ್ತದೆ ಎಂಬುದು. ಕಡಿಮೆಯಾದಷ್ಟೂ ಮಿನುಗು ಹೆಚ್ಚು. ಬಾಲವೆಂದರೆ ಬಿರುದಲ್ಲ, ಅದೇ ಕಾರ್ಡಿನ ಶಕ್ತಿ ಕತ್ತರಿಸಿದ ತಮ್ಮ ಎಂಬ ಗುರುತು. ಹೆಚ್ಚಿನ ಮೆಮೊರಿಯಿಂದ ಹೆಚ್ಚು ಬಣ್ಣ ಕಾಣುತ್ತದಂತೆ. ನಾವು ಅಚ್ಚು ಹಾಕುತ್ತಿದ್ದದ್ದು ಹಳದಿ ಕಾಗದದ ಮೇಲೆ ಕೆಂಪು ಮಸಿ. ಡಬ್ಬಿ ಒಡೆದ ಮಾಲನ್ನು ಅಂಗಡಿಯವನು ವಾಪಸು ಪಡೆಯಲಿಲ್ಲ.

ಕಂಪೋಜಿಟರ ಇನ್ನೂ ಆರು ವಾರ ಕಣ್ಣೊರೆಸಿಕೊಳ್ಳುತ್ತ ಕೂತ. ಆಮೇಲೆ ಬರುವುದನ್ನು ಬಿಟ್ಟ. ಏನು ಹೇಳಿ ವಾಪಸು ಕರೆಯಲಿ? ಕರೆಯಲಿಲ್ಲ.

ಮರುವರ್ಷ ಜೇವರ್ಗಿಯಲ್ಲಿ ಧಾನ್ಯ ದಲ್ಲಾಳಿಯ ಅಡತ್ ಅಂಗಡಿಯೊಂದರಲ್ಲಿ ತೊಗರಿ ಚೀಲಗಳ ಬಾಯಿ ಹೊಲಿಯುತ್ತ ಕೂತಿದ್ದ ಆತ ಸಿಕ್ಕ. ಮನೆಮಂದಿಯ ಕ್ಷೇಮ ಕೇಳಿ, ಅಕ್ಷರಗಳು ಈಗಲಾದರೂ ನಿಂತಿವೆಯೇ ಎಂದು ವಿಚಾರಿಸಿದ. ಅದೇ ಕಾರ್ಡು ಅದೇ ಜಾಗದಲ್ಲಿತ್ತು. ಆದರೆ ನನಗೂ ಒಂದು ಮಾನವಿತ್ತಲ್ಲ.

"ನಿಂತಾವ. ಬ್ಯಾರೆ ಕಾರ್ಡ್ ಹಾಕ್ಸೇನಿ," ಎಂದೆ.

ಆತ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಎದ್ದು ನಿಂತ. "ಹಂಗಾದ್ರ ಬರ್ಲೇನ್ರಿ?"

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟೆ. ಆಳಂದದ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಅದು ಅವನಿಗೂ ಗೊತ್ತಿತ್ತು.