ಮೀಟರ್ ಮಾವ ಮತ್ತು 104729
ಮನೆಮನೆಯ ಕರೆಂಟ್ ಮೀಟರ್ ಓದುವ ಮೀಟರ್ ಮಾವನಿಗೆ ಅಂಕಿ ಕಂಡರೆ ಅದನ್ನು ಭಾಗಿಸದೆ ಗಂಟಲಲ್ಲಿ ಅನ್ನ ಇಳಿಯದು. ಗೇಟಿನಲ್ಲೇ ನಿಂತು, "ನಿಮ್ಮ ಮೀಟರು ಈ ಸಲ ಏಳರಿಂದ ಭಾಗ ಹೋಗುತ್ತೆ ಕಣಮ್ಮ" ಎಂದು ಸಾವಿನ ಸುದ್ದಿ ತಂದವನ ಮುಖ ಮಾಡುತ್ತಾನೆ. ಮನೆಯಾಕೆ ಫ್ಯೂಸ್ ಹೋಯಿತೇನೋ ಎಂದು ಒಳಗೆ ಓಡುತ್ತಾಳೆ. ಅವನು ಮೆಚ್ಚಿದ್ದು ಒಂದೇ ಸಂಖ್ಯೆ, 104729. ಅದು ಹೆಂಡತಿಯ ಆಸ್ಪತ್ರೆ ಕಾರ್ಡಿನ ನಂಬರು. ಯಾರದೇ ಮದುವೆಯಲ್ಲಿ ಊಟಕ್ಕೆ ಕೂತರೂ ಪಕ್ಕದವನ ಮೊಣಕೈ ಹಿಡಿದು, "ಅವಿಭಾಜ್ಯ ಸಂಖ್ಯೆಗಳನ್ನ ಸಾಲಾಗಿ ನಿಲ್ಸಿದ್ರೆ ಇದು ಸರಿಯಾಗಿ ಹತ್ತು ಸಾವಿರನೇದು. ಮುನ್ನೂರ ಇಪ್ಪತ್ಮೂರರ ವರ್ಗಕ್ಕೆ ಇಪ್ಪತ್ತರ ವರ್ಗ ಕೂಡ್ಸಿ ನೋಡಿ, ಇದೇ ಬರುತ್ತೆ" ಎನ್ನುತ್ತಾನೆ. ಪಕ್ಕದವನು ಪಾಯಸ ಬಿಟ್ಟು ಏಳುತ್ತಾನೆ. ಮೊನ್ನೆ ಆಸ್ಪತ್ರೆಯವರು ಎಲ್ಲರಿಗೂ ಹೊಸ ಕಾರ್ಡು ಕೊಟ್ಟರು. ಹೆಂಡತಿಗೆ ಬಂದದ್ದು 104730. ಮಾವ ಅದನ್ನು ಕೌಂಟರಿನೊಳಕ್ಕೆ ವಾಪಸ್ ತಳ್ಳಿದ. "ಎರಡು, ಮೂರು, ಐದು, ಯಾರು ಬೇಕಾದ್ರೂ ಇದನ್ನ ಭಾಗಿಸ್ತಾರೆ. ಹಳೇದೇ ಕೊಡಿ." "ಹೊಸ ಕಾರ್ಡಿಲ್ದೆ ಡಾಕ್ಟ್ರು ನೋಡಲ್ಲ ಯಜಮಾನ್ರೇ." "ಕಾಯಿಲೆ ನಂಗೆ, ಹುಚ್ಚು ಇವ್ರಿಗೆ" ಎಂದಳು ಹೆಂಡತಿ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಿಂದೆ ಆಕೆಯ ಎದೆಯ ಆಪರೇಶನ್ ಆದ ದಿನ ಮಾವ ಬಾಗಿಲ ಹೊರಗೆ ಕೂತು, ಹಳೆಯ ನಂಬರನ್ನು ಎರಡರಿಂದ ಮುನ್ನೂರ ಹದಿನೇಳರವರೆಗಿನ ಅರವತ್ತಾರು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿದ್ದ. ಅವುಗಳಲ್ಲಿ ಯಾವುದೊಂದರಿಂದ ಭಾಗ ಹೋದರೂ ಇವಳು ಉಳಿಯಲ್ಲ ಎಂದು ತನಗೆ ತಾನೇ ಷರತ್ತು ಹಾಕಿಕೊಂಡಿದ್ದ. ಅದು ಹೆಂಡತಿಗೊಬ್ಬಳಿಗೇ ಗೊತ್ತು. ಅವಳು ಹೊಸ ಕಾರ್ಡನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದಳು. "ನಡೀರಿ. ಈ ಸಲ ಹೊರಗೆ ಕೂರೋದು ಬೇಡ, ನನ್ ಜೊತೆ ಒಳಗೆ ಬನ್ನಿ."