ಬಸುರು ಜಡ್ಡಲ್ಲವಂತೆ

ಗೆಳೆಯರೇ, ಇವತ್ತು ಬೆರಳಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ನರೇಗಲ್ಲಿನಿಂದ ರೋಣದ ಧರ್ಮಾರ್ಥ ದವಾಖಾನೆಗೆ ಹೋಗಿದ್ದೆ. ಅಲ್ಲಿ ಲಕ್ಕಲಕಟ್ಟಿಯ ಹೆಂಗಸೊಬ್ಬಳು ತುಂಬು ಬಸುರಿ ಸೊಸೆಯನ್ನು ಕರೆತಂದು ಗುಮಾಸ್ತರೊಡನೆ ವಾದಕ್ಕೆ ನಿಂತಿದ್ದಳು. ಸೊಸೆಯ ಹೆಸರಿನಲ್ಲಿ ಬಡವರ ಉಚಿತ ಚಿಕಿತ್ಸೆಯ ಅರ್ಜಿಯನ್ನು ಈಗಲೇ ಬರೆಸಬೇಕೆಂಬುದು ಅವಳ ಹಟ.

“ಏನ್ ಜಡ್ಡು?” ಗುಮಾಸ್ತರು ಕೇಳಿದರು.

“ಬಸರಿ ಅದಾಳ್ರಿ.”

“ಅದು ಜಡ್ಡಲ್ಲವ್ವಾ. ಜಡ್ಡಿನ ಹೆಸರಿಲ್ಲದ ಅರ್ಜಿ ಕಳಿಸಿದ್ರ ಮುಂಬಯಿ ಸರಕಾರ ನಮ್ಮ ದವಾಖಾನಿಗೆ ಅನುದಾನ ಕೊಡಂಗಿಲ್ಲ. ಹಡಿಯೂ ಬ್ಯಾನಿ ಸುರು ಆದಮ್ಯಾಲ ಬಾ.”

“ಹೋದ ಸಲ ಬ್ಯಾನಿ ಸುರು ಆದಮ್ಯಾಲನ ಬಂಡಿ ಹೂಡಿದ್ವಿರಿ. ಕೂಸು ದಾರ್ಯಾಗ ಹೋತು.”

ಗುಮಾಸ್ತರು ಲೇಖನಿ ಕೆಳಗಿಟ್ಟರು. ಬಸುರಿಗೆ ಸರಕಾರ ಒಪ್ಪುವಂಥ ಇನ್ನೊಂದು ಹೆಸರು ಏನಿದ್ದೀತು ಎಂದು ನಾನೂ ಯೋಚಿಸತೊಡಗಿದೆ. ಅಷ್ಟರಲ್ಲಿ ಡಾಕ್ಟರು ಹೊರಬಂದರು. ವಿಷಯ ಕೇಳಿ, ಸೊಸೆಯನ್ನು ಬೆಂಚಿನ ಮೇಲೆ ಕೂರಿಸಿ, ಅವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದಲ್ಲಿ ಬಿದ್ದ ಕುಳಿ ಹಾಗೇ ಉಳಿಯಿತು.

“ಕಾಲು ಭಾಳ ಬಾತಾವ. ರಕ್ತದ ಒತ್ತಡ ನೋಡಬೇಕು. ಹಡಿಯೂತನಕ ಇಲ್ಲೇ ಇರ್ಲಿ,” ಎಂದರು.

ಗುಮಾಸ್ತರ ಮುಖ ಅರಳಿತು. “ಹಂಗಾದ್ರ ಕಾಲುಬಾವು ಅಂತ ಬರೀಲೇನ್ರಿ? ಅದು ಖರೇ ಜಡ್ಡು!”

“ಬರೀರಿ, ಲಗೂ ಬರೀರಿ!” ಎಂದಳು ಅತ್ತೆ, ಡಾಕ್ಟರಿಗಿಂತ ಮೊದಲೇ.

ಸೊಸೆಯ ಕಾಲು ಬಾತಿದೆ ಎಂದು ಇಷ್ಟು ಹಿಗ್ಗಿದ ಅತ್ತೆಯನ್ನು ನಾನು ಇವತ್ತೇ ನೋಡಿದ್ದು.