ಶನಿದೇವರ ಎಣ್ಣೆಯ ಜೀಪು

ಆಗ ಆಳಂದದ ಪಂಪಿನ ಮುಂದೆ ಮನುಷ್ಯರಿಗಿಂತ ಹೆಚ್ಚಾಗಿ ಡಬ್ಬಿಗಳು ಪಾಳಿ ಹಚ್ಚಿ ನಿಲ್ಲುತ್ತಿದ್ದವು. ಡೀಸೆಲ್ ಬಂದೀತೆಂದು ಜನ ಹಿಂದಿನ ದಿನವೇ ಡಬ್ಬಿ ಇಟ್ಟು, ಅದರ ಮೇಲೊಂದು ಕಲ್ಲು ಹೇರಿ, ಬೇವಿನ ಗಿಡದ ನೆರಳಿಗೆ ಹೋಗಿ ಕೂಡುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ವಯಸ್ಸಿನವರು ಆ ಕಾಲದ ಮಾತು ತೆಗೆದರೆ ಸುಟ್ಟ ಎಳೆಜೋಳದ ಸೀತನಿ, ಕುಂಟಾಬಿಲ್ಲೆ, ಬೆಲ್ಲದ ಚೂರು ಎಂದು ಬಾಯಲ್ಲಿ ನೀರು ತರಿಸಿಕೊಳ್ಳುತ್ತಾರೆ. ನಾನು ಮಾತ್ರ ಆ ಒಂದು ಬೇಸಿಗೆ ನೆನಪಾದರೆ ಕೈ ಮೂಸಿ ನೋಡಿಕೊಳ್ಳುತ್ತೇನೆ.

ನಮ್ಮೂರು ಆಳಂದದಿಂದ ಖಜೂರಿಗೆ ಹೋಗುವ ರಸ್ತೆಯ ಮೇಲಿತ್ತು. ಅಪ್ಪನ ಹತ್ತಿರ ಒಂದು ಹಳೆಯ ಡೀಸೆಲ್ ಜೀಪು. ಬೆಳಗ್ಗೆ ಜನರನ್ನು ಆಳಂದಕ್ಕೆ ಒಯ್ಯುವುದು, ಸಂಜೆ ತಿರುಗಿ ತಂದು ಇಳಿಸುವುದು, ಇದೇ ನಮ್ಮ ಮನೆಯ ಅನ್ನ. ಡೀಸೆಲ್ ಸಿಗದೆ ಎಂಟು ದಿನ ಆ ಜೀಪು ಬಾಗಿಲ ಮುಂದೆ ನಿಂತಿತು. ಅದರ ಕೆಳಗೆ ಕೋಳಿಗಳು ಗುಂಡಿ ತೋಡಿಕೊಂಡು ಮಣ್ಣಾಡತೊಡಗಿದವು. ಒಂಬತ್ತನೆಯ ದಿನ ಅಪ್ಪ ಖಜೂರಿಯಿಂದ ಇಸ್ಮಾಯಿಲ್ ಮಿಸ್ತ್ರಿಯನ್ನು ಕರೆತಂದ.

"ಮಲ್ಲಣ್ಣಾ, ಇಂಜಿನ್ನಿಗೇನು ಬಾಯಿರುಚಿ ಇರ್ತೈತೇನು?" ಅಂದ ಮಿಸ್ತ್ರಿ. "ಎಣ್ಣಿ ತೆಳ್ಳಗ ಇರಬೇಕು, ಬಿಸಿ ಇರಬೇಕು, ಬಸ್. ಡೀಸೆಲ್ಲಿನ ಮ್ಯಾಲ ಚಾಲೂ ಮಾಡು. ಗರಂ ಆತಂದ್ರ ಎಣ್ಣಿಗೆ ಹಚ್ಚು. ನಿಲ್ಲಸೂ ಮುಂದ ಮತ್ತ ಡೀಸೆಲ್ಲಿಗೆ ಬಾ. ಇಲ್ಲಂದ್ರ ನಳಿಗ್ಯಾಗ ಜಿಡ್ಡು ಕುಂತು ನಾಳೆ ಏಳೂದಿಲ್ಲ."

ಅವನು ಬಾನೆಟ್ಟಿನ ಒಳಗೆ ಸಣ್ಣದೊಂದು ಡಬ್ಬಿ ಕೂಡಿಸಿ, ಎರಡು ನಳಿಗೆಗಳ ನಡುವೆ ತಿರುವುವ ಕೀಲಿ ಹಾಕಿದ. ಸಣ್ಣ ಡಬ್ಬಿಯಲ್ಲಿ ಎಲ್ಲಿಂದಲೋ ಕಾಡಿ ಬೇಡಿ ತಂದ ಡೀಸೆಲ್, ದೊಡ್ಡ ಟ್ಯಾಂಕಿನಲ್ಲಿ ಎಣ್ಣೆ. ಎಣ್ಣೆ ತೆಳ್ಳಗಾಗಲು ಸ್ವಲ್ಪ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ. ಮೊದಲ ವಾರ ಗಾಣದ ಕುಸುಬಿ ಎಣ್ಣೆಯನ್ನೇ ಹಾಕಿದರು. ಅವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಮಂದಿ ಪಲ್ಯಾಕ ಎಣ್ಣಿ ಇಲ್ಲಂತ ಅಳಾಕತ್ತಾರ, ನೀವು ಕಬ್ಬಣಕ್ಕ ಕುಡಸ್ರಿ," ಅಂದಳು. ಅಪ್ಪನಿಗೂ ಅದು ಕೈಗೆ ನಿಲುಕುವ ಮಾತಾಗಿರಲಿಲ್ಲ. ಆಳಂದದ ಮಿರ್ಚಿ ಭಜಿ ಅಂಗಡಿಯವರು ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಚರಂಡಿಗೆ ಚೆಲ್ಲುತ್ತಿದ್ದರು. ಅದು ಡಬ್ಬಿ ತುಂಬಿ ನಮ್ಮ ಅಂಗಳಕ್ಕೆ ಬರತೊಡಗಿತು. ಅದೂ ಸಾಲದಾದಾಗ ಅಪ್ಪನ ಕಣ್ಣು ಶನಿದೇವರ ಕುಣಿಯ ಮೇಲೆ ಬಿತ್ತು.

ಊರ ಅಗಸಿ ಬಾಗಿಲ ಹತ್ತಿರ ಹನುಮಪ್ಪನ ಗುಡಿ. ಅದರ ಮಗ್ಗುಲಿಗೆ ಶನಿದೇವರ ಕಲ್ಲು. ಶನಿವಾರ ಬೆಳಗಾದರೆ ಅರ್ಧ ಊರು ಅಲ್ಲಿ ಸೇರುತ್ತಿತ್ತು. ಬಟ್ಟಲಲ್ಲಿ ಎಣ್ಣೆ ಹಿಡಿದು, ಅದರಲ್ಲಿ ತಮ್ಮ ಮುಖ ನೋಡಿಕೊಂಡು, ಆ ಎಣ್ಣೆಯನ್ನು ಕಲ್ಲಿನ ಮೇಲೆ ಸುರಿಯುವುದು. ಮೈಗೆ ಹತ್ತಿದ ಕಾಟ, ಸಾಡೇಸಾತಿ, ಕೆಟ್ಟ ದೃಷ್ಟಿ ಎಲ್ಲ ಆ ಮುಖದ ಜೊತೆ ಇಳಿದು ಹೋಗುತ್ತದೆ ಎಂದು ನಂಬಿಕೆ. ಸುರಿದ ಎಣ್ಣೆ ಕಾಲುವೆ ಹಿಡಿದು ಹಿಂದಿನ ಕುಣಿಗೆ ಹೋಗುತ್ತಿತ್ತು. ಆ ಕುಣಿಯನ್ನು ಯಾರೂ ಮುಟ್ಟುತ್ತಿರಲಿಲ್ಲ, ಅದರ ದಂಡೆಗೂ ಕಾಲಿಡುತ್ತಿರಲಿಲ್ಲ.

"ಒಯ್ಯಪಾ ಒಯ್ಯಿ, ತುಂಬಿ ಗುಡಿ ಒಳಗ ಬರಾಕತ್ತೈತಿ," ಅಂದನಂತೆ ಪೂಜಾರಿ. "ಆದ್ರ ನಾ ಕೊಟ್ಟೆ ಅಂತ ಯಾರ ಮುಂದೂ ಅನಬ್ಯಾಡ."

ಅವ್ವ ಹೆದರಿದಳು. ಅಪ್ಪ ನಕ್ಕುಬಿಟ್ಟ. "ನಮಗ ಕೊರಳಾಗಿನ ಲಿಂಗ ಸಾಕು. ಅವರು ಅಂಜಿ ಚೆಲ್ಲಿದ ಎಣ್ಣಿ ನಾಕು ಮಂದೀನ ದವಾಖಾನಿಗೆ ಮುಟ್ಟಿಸಿದ್ರ ಪಾಪ ಹೆಂಗಾಗತೈತಿ?" ಅಂದ. ಮಾತು ಸರಿಯಾಗಿಯೇ ಇತ್ತು. ಆದರೆ ಆ ಎಣ್ಣೆಯನ್ನು ಸೋಸುವ ಕೆಲಸ ಅವನ ಪಾಲಿಗೆ ಬಂದಿರಲಿಲ್ಲ, ನನ್ನ ಪಾಲಿಗೆ ಬಂದಿತ್ತು.

ಹಿತ್ತಲಲ್ಲಿ ಹಳೆಯ ಧೋತರವನ್ನು ಕೊಪ್ಪರಿಗೆಯ ಬಾಯಿಗೆ ಕಟ್ಟಿ, ಅವ್ವ ಸುರಿದರೆ ನಾನು ಅರಿವೆಯ ಅಂಚು ಹಿಡಿದು ನಿಲ್ಲಬೇಕು. ಮೇಲೆ ಕೆನೆಗಟ್ಟಿದ ಹಸಿರು ಪದರು. ಅದರೊಳಗೆ ಸುಟ್ಟ ಬತ್ತಿ, ಊದಿನಕಡ್ಡಿಯ ತುಂಡು, ಕೊಳೆತ ನಿಂಬೆಹಣ್ಣು, ಎಕ್ಕೆ ಹೂವು, ಉದ್ದುದ್ದ ಕೂದಲು. ಜೊಂಡಿಗ, ಜಿರಳೆಗಳಂತೂ ಲೆಕ್ಕವಿಲ್ಲ. ಒಮ್ಮೆ ಕಣ್ಣು ತೆರೆಯದ ಇಲಿಮರಿಯೊಂದು ಉಬ್ಬಿ ಅರಿವೆಯ ಮೇಲೆ ಬಂದು ಬಿತ್ತು. ನಾನು ಅಲ್ಲೇ ವಾಂತಿ ಮಾಡಿಕೊಂಡೆ. ಅವ್ವ ಬೆನ್ನು ಸವರಿ, ಬಾಯಿ ತೊಳೆಸಿ, ಮತ್ತೆ ಅಂಚು ಕೈಗೆ ಕೊಟ್ಟಳು. ಸೀಗೆಕಾಯಿ ಹಚ್ಚಿ ತಿಕ್ಕಿದರೂ ಆ ಕಮಟು ನಾತ ಕೈಯಿಂದ ಹೋಗುತ್ತಿರಲಿಲ್ಲ. ರೊಟ್ಟಿ ಮುರಿದರೆ ರೊಟ್ಟಿಯಲ್ಲಿ, ಪುಸ್ತಕ ತೆರೆದರೆ ಪುಸ್ತಕದಲ್ಲಿ ಅದೇ ನಾತ. ಜೀಪು ಬರುವುದು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಗೊತ್ತಾಗುತ್ತಿತ್ತು. ಹಿಂದೆ ಬಿಡುವ ಹೊಗೆಗೆ ಊರಿನ ನಾಯಿಗಳು ಯಾರದೋ ಮನೆಯಲ್ಲಿ ಭಜಿ ಕರಿಯುತ್ತಿದ್ದಾರೆಂದು ಬೆನ್ನು ಹತ್ತುತ್ತಿದ್ದವು.

ಶಾಲೆಯಲ್ಲಿ ಹುಡುಗರು ನನ್ನ ಹೆಸರಿಗೆ ಭಜಿ ಸೇರಿಸಿ ಭಜಿ ಶರಣಿ ಎಂದು ಕರೆದರು. ಅದನ್ನು ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಮಹಾದೇವಿಯದು. ಮಹಾದೇವಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆಯವಳು, ನನ್ನ ಜೀವದ ಗೆಳತಿ. ಏಳನೆಯ ಇಯತ್ತೆಯಲ್ಲಿ ನಾವಿಬ್ಬರೂ ಕೂಡುವ ಪಟ್ಟಿ ಒಂದೇ. ಪ್ರತಿ ಪರೀಕ್ಷೆಯಲ್ಲೂ ಅವಳು ಮೊದಲು, ನಾನು ಎರಡನೆಯವಳು. ಲೆಕ್ಕವನ್ನು ಗುರುಗಳು ಫಲಕದ ಮೇಲೆ ಬರೆದು ಮುಗಿಸುವುದರೊಳಗೆ ಅವಳ ಬಾಯಲ್ಲಿ ಉತ್ತರ ಇರುತ್ತಿತ್ತು. ಆ ವರ್ಷ ಅವಳಿಗೆ ಓದು ಬರೀ ಓದಾಗಿರಲಿಲ್ಲ. ಅವಳಪ್ಪ ಎಲ್ಲರ ಮುಂದೆ ಹೇಳಿಬಿಟ್ಟಿದ್ದ: "ಬೋರ್ಡ್ ಪರೀಕ್ಷಾದಾಗ ಫಸ್ಟ್ ಕ್ಲಾಸ್ ಬಂದ್ರ ಆಳಂದ ಹೈಸ್ಕೂಲಿಗೆ ಹಚ್ತೇನಿ. ಇಲ್ಲಂದ್ರ ಈ ಬ್ಯಾಸಗ್ಯಾಗ ಅಕ್ಕಿಕಾಳು ಹಾಕಿ ಲಗ್ನ."

ಒಂದು ದಿನ ಪಟ್ಟಿಯ ಮೇಲೆ ಪಕ್ಕಕ್ಕೆ ಕೂತವಳು ಮೂಗು ಹಿಡಿದುಕೊಂಡು ಆಚೆ ಸರಿದಳು. "ಶರಣೀ, ಜಳಕ ಮಾಡೀಯೋ ಇಲ್ಲೋ ಬೇ? ಭಜಿ ಎಣ್ಣಿ ನಾತ ತಲಿಗೆ ಏರಾಕತ್ತೈತಿ," ಅಂದಳು.

"ಬರೇ ಭಜಿ ಎಣ್ಣಿ ಅಂತ ತಿಳಕೊಂಡಿ?" ಅಂದೆ. "ಶನಿದೇವರ ಕುಣಿ ಎಣ್ಣಿ ಐತಿ ಇದು. ನಿಮ್ಮ ಆಯಿ ಶನಿವಾರಕ್ಕೊಮ್ಮೆ ಮಾರಿ ನೋಡ್ಕೊಂಡು ಹೊಯ್ದಾಳಲ್ಲ, ಅಕಿ ಮಾರೀನೂ ಇದರಾಗ ಐತಿ. ಮೂಸು, ಚಲೋ ಮೂಸು."

ಅವಳನ್ನೂ ಒಮ್ಮೆ ವಾಕರಿಸುವಂತೆ ಮಾಡಬೇಕಾಗಿತ್ತು, ಅಷ್ಟೇ. ಮಾಡಿದೆ. ಅವಳು ಮನೆಗೆ ಹೋಗಿ ತನ್ನ ಅಜ್ಜಿಗೆ, ಅಂದರೆ ಆಯಿಗೆ ಹೇಳಿದಳು. ಆಯಿ ಬಾವಿಕಟ್ಟೆಗೆ ಹೇಳಿದಳು. ಮರುದಿನ ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಹೊತ್ತಿಕೊಂಡಿತು. ತಾವು ಕಳಚಿ ಎಸೆದ ಕಾಟದ ಮೇಲೆ ತಾವೇ ಕೂತು ಆಳಂದಕ್ಕೆ ಹೋಗಿ ಬಂದೆವೆಂದು ಜನ ಕಾಲು ತೊಳೆದುಕೊಂಡದ್ದೇನು, ನಮ್ಮ ಬಾಗಿಲಿಗೆ ಉಗುಳಿದ್ದೇನು! ಒಬ್ಬನ ಎಮ್ಮೆ ಹಾಲು ಕಡಿಮೆ ಮಾಡಿದ್ದೂ ಜೀಪಿನಿಂದ, ಇನ್ನೊಬ್ಬನ ಮಗನಿಗೆ ಗದ್ದಕಟ್ಟು ಬಂದದ್ದೂ ಜೀಪಿನಿಂದ. ವಾರಗಟ್ಟಲೆ ಜೀಪು ಖಾಲಿ ಓಡಿತು. ಯಾರು ಹೇಳಿದರೆಂದು ಅಪ್ಪನಿಗೆ ಗೊತ್ತಾಗಲಿಲ್ಲ. ಪೂಜಾರಿಯೇ ಬಾಯಿ ಬಿಟ್ಟನೆಂದು ಅವನ ಜೊತೆ ಮಾತು ಬಿಟ್ಟ. ನಾನು ಎಂದಿನಂತೆ ಎಣ್ಣೆ ಸೋಸಿದೆ.

ಪರೀಕ್ಷೆ ಬಂತು. ಕೇಂದ್ರ ಆಳಂದ. ಗಂಡುಹುಡುಗರು ಸಂಬಂಧಿಕರ ಮನೆಗೆಂದು ಮೊದಲೇ ಹೋಗಿದ್ದರು. ಉಳಿದವರು ನಾವಿಬ್ಬರು ಹುಡುಗಿಯರು. ಹಿಂದಿನ ದಿನ ಸಂಜೆ ಅಪ್ಪ ಟ್ಯಾಂಕಿನಲ್ಲಿದ್ದ ಹೊಲಸನ್ನೆಲ್ಲ ಕೆಳಗೆ ಬಿಟ್ಟ. "ಆ ಮಾದೇವಿ ಕೂಸು ನಮ್ಮ ಗಾಡ್ಯಾಗ ಕೂಡಬೇಕಂದ್ರ ಗಾಡಿ ಶುದ್ಧ ಇರಬೇಕು," ಅಂದ. ಅವ್ವ ಈ ಸಲ ತಕರಾರು ಮಾಡಲಿಲ್ಲ. ಅಡುಗೆಮನೆಯ ಎಣ್ಣೆಯ ಭರಣಿಯನ್ನು ಎತ್ತಿ ತಂದಳು. ತಿಂಗಳಿಗೆಂದು ತುಂಬಿಟ್ಟ ಕುಸುಬಿ ಎಣ್ಣೆ. ತಳದ ಹನಿಯನ್ನೂ ಬಿಡದೆ ಸುರಿದಳು. ಲಾಳಿಕೆ ಹಿಡಿದವಳು ನಾನೇ.

ಬೆಳಗ್ಗೆ ಜೀಪು ಬಸ್ ನಿಲ್ಲುವ ಗಿಡದ ಹತ್ತಿರ ಬಂದಾಗ ಮಹಾದೇವಿ ಅಲ್ಲೇ ನಿಂತಿದ್ದಳು. ಎರಡು ಜಡೆ, ಕೆಂಪು ರಿಬ್ಬನ್, ಬಗಲಲ್ಲಿ ಪರೀಕ್ಷೆ ಬರೆಯುವ ರಟ್ಟು. ಆಯಿ ಅವಳ ಮುಂಗೈ ಹಿಡಿದುಕೊಂಡಿದ್ದಳು. ಅಪ್ಪ ಜೀಪು ನಿಲ್ಲಿಸಿದ, ಇಂಜಿನ್ ಬಂದ್ ಮಾಡಲಿಲ್ಲ.

"ಹತ್ತವ್ವ ತಂಗಿ. ಬಸ್ಸಿನ ಭರೋಸೆ ಇಲ್ಲ."

"ಬ್ಯಾಡ್ರಿ ಮಲ್ಲಣ್ಣ, ಬಸ್ ಬರ್ತೈತಿ," ಅಂದಳು ಆಯಿ.

"ಆಯಿ, ಗುರುವಿನ ಆಣಿ ಮಾಡಿ ಹೇಳ್ತೇನ್ರಿ. ಹಳೇದೆಲ್ಲ ತಗದು ಅಡಗಿ ಎಣ್ಣಿ ಹಾಕೇನಿ. ಲಾಳಕಿ ಹಿಡದಾಕಿ ನಮ್ಮ ಶರಣಿ ಇಲ್ಲೇ ಕುಂತಾಳ. ಬೇಕಾದ್ರ ಕೇಳ್ರಿ."

ಆಯಿ ನನ್ನ ಕಡೆ ತಿರುಗಿದಳು. "ಹೌದ್ರಿ, ಅಕಿನ್ನ ಕೇಳ್ತೇನಿ. ಕುಣಿ ಎಣ್ಣಿ ಸುದ್ದಿ ನಮಗ ಹೇಳಿದಾಕಿನ ಇಕಿ. ಖರೇ ಮಾತಾಡೂ ಹುಡುಗಿ. ಇಕಿ ಅಡಗಿ ಎಣ್ಣಿ ಅಂದ್ರ ಈಗ ಕೂಡಸ್ತೇನಿ. ಹೇಳಬೇ ಶರಣಿ, ಇದರಾಗ ಏನೈತಿ?"

ಅಪ್ಪ ಹಿಂದಕ್ಕೆ ಹೊರಳಿ ನನ್ನ ಮುಖ ನೋಡಿದ. ಸುದ್ದಿ ಹಬ್ಬಿಸಿದವಳು ತನ್ನ ಮಗಳೆಂದು ಅವನಿಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ನಾಚಿಕೆಗೆ ನಾನು ಬಾಯಿ ಬಿಡಲಿಲ್ಲ. ಅದೊಂದೇ ಕಾರಣವೆಂದು ಬರೆದರೆ ಓದುವವರು ನಂಬಿಯಾರು, ಆದರೆ ಅದು ಅರ್ಧ ಮಾತ್ರ. ಅಪ್ಪನ ಕಣ್ಣಿನಿಂದ ತಪ್ಪಿಸಿಕೊಂಡು ತಲೆ ತಗ್ಗಿಸಿದಾಗ ನನ್ನ ತಲೆಯಲ್ಲಿ ಇನ್ನೊಂದು ವಿಚಾರ ಬಂತು: ಇವಳು ಬರದಿದ್ದರೆ ಶಾಲೆಗೆ ನಾನೇ ಮೊದಲು.

"ಶರಣೀ, ಹೇಳಬೇ. ಹೊತ್ತಾಗಾಕತ್ತೈತಿ," ಅಂದಳು ಮಹಾದೇವಿ.

ನಾನು ರಟ್ಟಿನ ಕ್ಲಿಪ್ಪನ್ನು ಒತ್ತುತ್ತ, ಬಿಡುತ್ತ ಕೂತೆ.

"ಸುಮ್ಮಕ ಕುಂತಾಳಂದ್ರ ತಿಳೀತಲ್ರಿ," ಅಂದಳು ಆಯಿ. "ನೀವು ನಡೀರಿ."

ಅಪ್ಪ ಗೇರು ಹಾಕಿದ. ಅರ್ಧ ದಾರಿ ಸಾಗಿದ ಮೇಲೆ ಒಂದೇ ಮಾತು ಕೇಳಿದ: "ಒಂದು ಮಾತು ಅಂದಿದ್ರ ಏನಾಗ್ತಿತ್ತವ್ವ?"

"ಇಂಜಿನ್ ಸಪ್ಪಳಕ್ಕ ನನಗ ಕೇಳಸಲಿಲ್ಲಪ್ಪ," ಅಂದೆ. ಅವನು ಮತ್ತೆ ಯಾವತ್ತೂ ಅದನ್ನು ಕೇಳಲಿಲ್ಲ.

ಬಸ್ಸು ಬರಲಿಲ್ಲ. ನನ್ನನ್ನು ಇಳಿಸಿದವನೇ ಅಪ್ಪ ಮಹಾದೇವಿಗಾಗಿ ತಿರುಗಿ ಊರಿಗೆ ಹೋದ. ಅಷ್ಟರಲ್ಲಿ ಅವರು ಚಕ್ಕಡಿ ಹೂಡಿಕೊಂಡು ಹೊಲದ ದಾರಿ ಹಿಡಿದಿದ್ದರು. ಅವಳು ಕೇಂದ್ರ ಮುಟ್ಟಿದಾಗ ಪೇಪರು ಶುರುವಾಗಿ ಒಂದು ತಾಸಿನ ಮೇಲಾಗಿತ್ತು. ಒಳಗೆ ಬಿಡಲಿಲ್ಲ. ನಾನು ಕಿಟಕಿಯಿಂದ ನೋಡಿದೆ, ಗೇಟಿನ ಸರಳು ಹಿಡಿದು ನಿಂತಿದ್ದಳು. ನೋಡಿ, ಮುಂದಿನ ಪ್ರಶ್ನೆಗೆ ಉತ್ತರ ಬರೆದೆ. ನನ್ನ ಬಗ್ಗೆ ನನಗೆ ಹೇಸಿಕೆ ಹುಟ್ಟುವುದು ಆ ಉತ್ತರ ನೆನಪಾದಾಗ. ಅಕ್ಷರಗಳು ಎಷ್ಟು ದುಂಡಗೆ ಬಂದಿದ್ದವು!

ಒಂದು ಪೇಪರು ಹೋದ ಮೇಲೆ ಉಳಿದದ್ದು ಬರೆದು ಏನು ಉಪಯೋಗವೆಂದು ಅವಳಪ್ಪ ಕಳಿಸಲೇ ಇಲ್ಲ. ಬೇಸಿಗೆ ಮುಗಿಯುವುದರೊಳಗೆ ಊರಲ್ಲೇ ಸೋದರಮಾವನ ಮಗನಿಗೆ ಕೊಟ್ಟು ಮದುವೆ ಮಾಡಿದರು. ಅದೇ ವಾರ ನಾನು ಶಾಲೆಗೆ ಮೊದಲು ಬಂದ ಸುದ್ದಿಯೂ ಬಂತು. ಮದುವೆಯ ಪಂಕ್ತಿಯಲ್ಲಿ ಬುಂದಿ ಬಡಿಸಿದವರು ಜಾಣಿ ಎಂದು ನನಗೆ ಇನ್ನೊಂದು ಮುಷ್ಟಿ ಹೆಚ್ಚು ಹಾಕಿದರು. ತಿಂದೆ. ಕೊಟ್ಟಿಗೆಯ ಹಿಂದೆ ಹೋಗಿ ಎಲ್ಲ ಕಾರಿಕೊಂಡೆ. ಬಿಸಿಲಿಗೆ ಹಾಗಾಗಿದೆ ಎಂದಳು ಅವ್ವ.

ಆಮೇಲೆ ಡೀಸೆಲ್ ಬಂತು. ಬಾಗಿಲಿಗೆ ಉಗುಳಿದವರೇ ಜೀಪಿನ ಮುಂದಿನ ಸೀಟಿಗೆ ಜಗಳಾಡಿದರು. ಅವರ ಮೇಲೆ ನನಗೆ ಇಂದಿಗೂ ಅಸಹ್ಯ ಇದೆ. ಬೈಯಲು ಬಾಯಿ ತೆರೆದರೆ ಮೊದಲು ನನ್ನ ಹೆಸರೇ ಬರುತ್ತದೆ, ಅದಕ್ಕೆ ಬಾಯಿ ಮುಚ್ಚುತ್ತೇನೆ. ನಾನು ಹೈಸ್ಕೂಲು ಓದಿದೆ, ಶಿಕ್ಷಕಿಯಾದೆ, ಕಲಬುರಗಿಯಲ್ಲಿ ಮನೆ ಮಾಡಿದೆ. ರಜೆಗೆ ಊರಿಗೆ ಹೋದಾಗಲೆಲ್ಲ ಮಹಾದೇವಿ ತನ್ನ ಪಡಸಾಲೆಯಲ್ಲಿ ಕೂಡಿಸಿಕೊಂಡು, ಯಾವ ಪಾಠ ಬಂತು, ಗುರುಗಳು ಹೇಗೆ ಹೇಳಿದರು ಎಂದು ಬಿಡದೆ ಕೇಳುತ್ತಿದ್ದಳು. ನಾನು ನೌಕರಿ ಸೇರಿದ ಮೇಲೂ ಆ ಕೇಳುವುದು ನಿಲ್ಲಲಿಲ್ಲ. ಒಂದು ಪಾಠ ಬಿಟ್ಟು ಹೇಳಿದರೂ ಅವಳಿಗೆ ಗೊತ್ತಾಗುತ್ತಿತ್ತು.

ಈಗ ಖಜೂರಿ ರಸ್ತೆಯ ಮೇಲೆ ಹೆಜ್ಜೆಗೊಂದು ಪಂಪು. ಅಪ್ಪ, ಅವ್ವ, ಆಯಿ ಯಾರೂ ಇಲ್ಲ. ನಾನು ನಿವೃತ್ತಳಾದ ವರ್ಷ ಊರಿಗೆ ಹೋಗಿ, ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದ ಮಹಾದೇವಿಯ ಮುಂದೆ ಕಡೆಗೂ ಬಾಯಿ ಬಿಟ್ಟೆ. "ಮಾದೇವಿ, ಆವತ್ತ ಜೀಪಿನ್ಯಾಗ ಅಡಗಿ ಎಣ್ಣಿನ ಇತ್ತು ಬೇ. ನನಗ ಗೊತ್ತಿತ್ತು."

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ನನಗೂ ಗೊತ್ತೈತಿ ತಗೋ. ಆವತ್ತ ಸಂಜಿಕ ನಿಮ್ಮವ್ವ ಬಟ್ಟಲ ಹಿಡಕೊಂಡು ನಮ್ಮನಿಗೆ ಬಂದಿದ್ಳು, ಒಗ್ಗರಣಿಗೂ ಹನಿ ಎಣ್ಣಿ ಉಳದಿಲ್ಲ ಅಂತ. ಎಲ್ಲಾ ಜೀಪಿಗೆ ಹೊಯ್ದಾಳಂತ. ಆಯಿ ಎಣ್ಣಿ ಕೊಟ್ಟು ಕಳಿಸಿ, ಒಳಗ ಬಂದು ಅತ್ಳು."

"ಮತ್ತ ಇಷ್ಟು ವರ್ಷ ನನಗ ಯಾಕ ಅನ್ನಲಿಲ್ಲ?"

"ಅಂದಿದ್ರ ನೀ ಬರೂದು ಬಿಡ್ತಿದ್ದಿ," ಅಂದಳು. "ನೀ ಬಂದಾಗರೆ ನನಗ ಸಾಲಿ ಸುದ್ದಿ ಕೇಳಾಕ ಸಿಗ್ತಿತ್ತು."

ಮತ್ತೆ ಬೇಳೆಯಲ್ಲಿಯ ಹರಳು ಆರಿಸತೊಡಗಿದಳು. ಮೂವತ್ತೈದು ವರ್ಷ ನಾನು ಮಕ್ಕಳಿಗೆ ಕಲಿಸಿದೆ. ಅವಳಷ್ಟು ಜಾಣ ಹುಡುಗಿ ನನ್ನ ಯಾವ ವರ್ಗದಲ್ಲೂ ಇರಲಿಲ್ಲ.